ಕೈ ಎತ್ತಿ ತಡೆಯುವ ನರ್ಸಕ್ಕ

ಪಕ್ಕದ ಮನೆ ಆಂಟಿ ಇವತ್ತಿಗೂ ನಮ್ಮ ನರ್ಸಕ್ಕನನ್ನು ವಿಮೆ ಏಜೆಂಟ್ ಎಂದೇ ತಿಳಿದಿದ್ದಾರೆ. ಕಪ್ಪು ಬ್ಯಾಗು ಹೆಗಲಿಗೇರಿಸಿಕೊಂಡು ಅವರು ಮೆಟ್ಟಿಲು ಹತ್ತುತ್ತಿದ್ದಂತೆ ಆಂಟಿಯ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ನರ್ಸಕ್ಕನಿಗೆ ಬೇಕಾದದ್ದೂ ಅದೇ. ಬಾಣಂತಿಯರನ್ನೂ ಕೂಸುಗಳನ್ನೂ ಮನೆಮನೆಗೆ ಹೋಗಿ ನೋಡುವುದು ಅವರ ಸರಕಾರಿ ಕೆಲಸ. ಆದರೆ ಬಿಳಿ ಕೋಟು ಬ್ಯಾಗಿನಲ್ಲಿರುತ್ತದೆ. ಒಳಗೆ ಬಂದು ಬಾಗಿಲು ಹಾಕಿದ ಮೇಲೇ ಅದನ್ನು ತೊಡುತ್ತಾರೆ.

ಹೀಗೇಕೆ ಎಂದು ಕೇಳಿದಾಗ ತಮ್ಮ ಅಣ್ಣನ ಕತೆ ಹೇಳಿದರು. ಅಣ್ಣನಿಗೆ ಕ್ಷಯ ಬಂದಿತ್ತು. ಡಾಕ್ಟರು ಕಾನೂನಿನಂತೆ ಆರೋಗ್ಯ ಇಲಾಖೆಗೆ ತಿಳಿಸಿದರು, ಇಲಾಖೆಯವರು ಜೀಪು ತಂದು ಮನೆಮುಂದೆಯೇ ನಿಲ್ಲಿಸಿದರು. ಔಷಧಿ ತಗೊಂಡು ಅಣ್ಣ ಗುಣವಾದ. ಅವನ ಜೊತೆ ಕೇರಂ ಆಡಲು ಬರುತ್ತಿದ್ದವರು ಮಾತ್ರ ಮತ್ತೆ ಬರಲಿಲ್ಲ.

“ತಿಳಿಸಿದ್ದು ತಪ್ಪಲ್ಲಮ್ಮ. ತಿಳಿಸ್ತೀವಿ ಅಂತ ಅವನಿಗೆ ಮೊದಲೇ ಒಂದು ಮಾತು ಹೇಳಬೇಕಿತ್ತು. ಜೀಪನ್ನ ಆ ಕಡೆ ತಿರುವಲ್ಲಿ ನಿಲ್ಲಿಸಿದ್ರೆ ಅವರ ಗಂಟೇನು ಹೋಗ್ತಿತ್ತು?”

ಅದಕ್ಕೇ ಅವರದೊಂದು ಅಭ್ಯಾಸ. ಯಾರಾದರೂ ಮನಸ್ಸಿನ ಮಾತು ತೆಗೆದರೆ ಸಂಚಾರಿ ಪೊಲೀಸರ ಹಾಗೆ ಕೈ ಎತ್ತಿಬಿಡುತ್ತಾರೆ.

ನನಗೂ ಎತ್ತಿದರು. ಮಗಳಿಗೆ ಆಗ ಎರಡು ತಿಂಗಳು. ಅವಳನ್ನೆತ್ತಿಕೊಂಡು ಬಾಲ್ಕನಿಗೆ ಹೋದಾಗಲೆಲ್ಲ, ನಾನೇ ಅವಳನ್ನು ಕೈಬಿಟ್ಟಂತೆ ಕಣ್ಣಮುಂದೆ ಬರುತ್ತಿತ್ತು. ಗಂಡನಿಗೆ ಹೇಳಿರಲಿಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ. ಹೇಳಿದರೆ ಸರಕಾರದವರು ಹುಚ್ಚಿ ಎಂದು ಬರೆದುಕೊಂಡು ಮಗುವನ್ನು ಕಿತ್ತುಕೊಂಡು ಹೋಗುತ್ತಾರೆಂಬ ದಿಗಿಲು. ಓದಿದವಳು ಬೇರೆ, ಫೋನಿನಲ್ಲಿ ಹುಡುಕಿ ಹುಡುಕಿ, ಇದ್ದ ದಿಗಿಲಿಗೆ ಇಲ್ಲದ್ದನ್ನೂ ಸೇರಿಸಿಕೊಂಡಿದ್ದೆ.

ನರ್ಸಕ್ಕ ಮಗುವನ್ನು ತಕ್ಕಡಿಯಿಂದ ಎತ್ತಿ ನನ್ನ ತೊಡೆಗೆ ಹಾಕುವಾಗ, “ಅಕ್ಕಾ, ನನಗೆ...” ಎಂದೆ. ಕೈ ಮೇಲೆದ್ದಿತು.

“ತಡೀರಿ. ನನ್ನ ಹೊಟ್ಟೇಲಿ ಏನು ನಿಲ್ಲುತ್ತೆ, ಏನು ನಿಲ್ಲಲ್ಲ ಅಂತ ಮೊದಲು ಕೇಳ್ಕೊಳ್ಳಿ. ನಿಮ್ಮ ಗಂಡ ಕೇಳಿದ್ರೂ ಹೇಳಲ್ಲ, ಅತ್ತೆ ಗದರಿಸಿದ್ರೂ ಹೇಳಲ್ಲ. ಆದ್ರೆ ಮಗೂಗೆ ಅಪಾಯ ಅಂತ ನನಗನ್ನಿಸಿದ್ರೆ ಇಲಾಖೆಗೆ ತಿಳಿಸಲೇಬೇಕು. ಕೋರ್ಟು ಕೇಳಿದ್ರೆ ಕಡತ ಕೊಡಲೇಬೇಕು. ಈಗ ಹೇಳ್ತೀರೋ, ಸುಮ್ಮನೆ ಟೀ ಕುಡಿಸಿ ಕಳಿಸ್ತೀರೋ, ನಿಮ್ಮಿಷ್ಟ.”

ಟೀ ಇಟ್ಟೆ. ಹಾಲು ಉಕ್ಕುವವರೆಗೂ ಯೋಚಿಸಿದೆ. ಲೋಟ ಕೊಡುತ್ತಾ, “ನನ್ನ ಸ್ನೇಹಿತೆಯೊಬ್ಬಳಿಗೆ ಹೀಗಾಗುತ್ತಂತೆ” ಎಂದು ಶುರುಮಾಡಿದೆ.

“ಈ ಬೀದೀಲಿ ಎಲ್ಲರಿಗೂ ಒಬ್ಬಳು ಸ್ನೇಹಿತೆ ಇದಾಳೆ” ಎಂದರು. ಕೊನೆಯವರೆಗೂ ಕೇಳಿಸಿಕೊಂಡು, “ಅವಳು ಈಗಲೂ ಬಾಲ್ಕನಿಗೆ ಹೋಗ್ತಾಳಾ?”

“ಇಲ್ಲಕ್ಕ. ಬೀಗ ಹಾಕಿ, ಬೀಗದ ಕೈ ಅತ್ತೆಗೆ ಕೊಟ್ಟಿದೀನಿ. ಪಾರಿವಾಳದ ಕಾಟ ಅಂತ ಹೇಳಿದೀನಿ.”

ಸ್ನೇಹಿತೆ ಅಲ್ಲಿಗೆ ಮಾಯವಾದಳು. ನರ್ಸಕ್ಕ ನಗಲಿಲ್ಲ.

“ಕೈಬಿಡಬೇಕು ಅನ್ನಿಸುತ್ತಾ, ಕೈಬಿಟ್ಟುಹೋದ್ರೆ ಏನು ಗತಿ ಅನ್ನಿಸುತ್ತಾ?”

“ಏನು ಗತಿ ಅಂತ. ನಿದ್ದೇನೇ ಬರಲ್ಲ.”

ಇನ್ನೂ ಏನೇನೋ ಕೇಳಿದರು. ಆಮೇಲೆ ಹೇಳಿದರು: “ಇದು ಭಯ ಕಣಮ್ಮ. ಎಷ್ಟೋ ತಾಯಂದಿರಿಗೆ ಬರುತ್ತೆ. ಇದಕ್ಕೆ ಇಲಾಖೆ ಬೇಡ, ಡಾಕ್ಟರು ಬೇಕು. ಆದ್ರೆ ಬರೆಯದೆ ಬಿಡೋಕಾಗಲ್ಲ.”

ಅವರು ಟ್ಯಾಬನ್ನು ನನ್ನ ಕಡೆ ತಿರುಗಿಸಿಟ್ಟೇ ಬರೆದರು: ‘ಮಗು ಕೈಜಾರೀತೆಂಬ ಭಯ ತಾಯಿಗೆ ಪದೇಪದೇ ಬರುತ್ತದೆ.’ ಅದರ ಕೆಳಗೆ: ‘ಬಾಲ್ಕನಿಗೆ ತಾಯಿಯೇ ಬೀಗ ಹಾಕಿದ್ದಾರೆ. ಸಹಾಯವನ್ನೂ ಅವರೇ ಕೇಳಿದ್ದಾರೆ.’

“ನಾಳೆ ಮೇಲಿನವರು ಯಾರಾದ್ರೂ ತೆಗೆದು ಓದಿದ್ರೆ, ಕೆಳಗಿಂದನ್ನೂ ಓದಲಿ.”

“ಮಗೂನ...?”

“ಮಗು ನಿಮ್ಮ ತೊಡೆ ಮೇಲೇ ಒದ್ದೆ ಮಾಡ್ಕೊಂಡಿದೆ. ಅದಕ್ಕೆ ಎಲ್ಲೂ ಹೋಗೋ ಅವಸರ ಇಲ್ಲ.”

ಡಾಕ್ಟರ ಬಳಿ ಹೋಗುತ್ತಿದ್ದೇನೆ. ಗಂಡನಿಗೆ ನಾನೇ ಹೇಳಿದೆ. ಬರೆದದ್ದು ಸರಕಾರದ ಬಳಿ ಇದೆ, ಯಾರು ಯಾವಾಗ ತೆಗೆಯುತ್ತಾರೋ ಎಂದು ಆಗಾಗ ಕಸಿವಿಸಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಅಲ್ಲಿರುವುದು ಅರ್ಧ ಸತ್ಯವಲ್ಲ.

ಕಳೆದ ವಾರ ಅತ್ತೆಯಿಂದ ಬೀಗದ ಕೈ ಇಸಿದುಕೊಂಡೆ. ಮಗಳನ್ನು ಸೊಂಟಕ್ಕೇರಿಸಿಕೊಂಡು ಅವಳ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದೆ. ಪಕ್ಕದ ಬಾಲ್ಕನಿಯಿಂದ ಆಂಟಿ ಇಣುಕಿದರು.

“ಆ ವಿಮೆಯವಳು ಬೆನ್ನುಬಿಡದೆ ಬರ್ತಿದ್ಲಲ್ಲ, ಕೊನೆಗೂ ಒಪ್ಪಿಸಿದ್ಲಾ?”

“ಒಪ್ಪಿಸಿದ್ರು ಆಂಟಿ” ಎಂದು ಪುಟ್ಟ ಅಂಗಿಯನ್ನು ಕೊಡವಿ ಹರವಿದೆ.