ಶರಫ್‌ನಿಸಾ ಬೀಬಿ ಬರೆದ ಪುಸ್ತಕ

ಇರಾನಿನ ಕಾಶಾನ್ ಊರಿನ ಶರಫ್‌ನಿಸಾ ಬೀಬಿಗೆ ಧರ್ಮಶಾಸ್ತ್ರ ಕಲಿಸಿದವರು ತಂದೆ. ಅವರು ತೀರಿಕೊಂಡ ಮೇಲೆ ಹಿರಿಯ ವಿದ್ವಾಂಸರೊಬ್ಬರು ಮೂರು ದಿನ ಪರದೆಯ ಆಚೆ ಕೂತು ಬೀಬಿಯನ್ನು ಪರೀಕ್ಷಿಸಿದರು. ಇವರು ಸ್ವತಂತ್ರವಾಗಿ ಶಾಸ್ತ್ರನಿರ್ಣಯ ಹೇಳಬಹುದೆಂದು ಬರೆದುಕೊಟ್ಟರು. ನಮ್ಮ ಊರಿನಲ್ಲಿ ಆ ಪತ್ರ ಹೆಂಗಸಿಗೆ ಸಿಕ್ಕಿದ್ದು ಅದೇ ಮೊದಲು.

ಒಂಬತ್ತು ವರ್ಷ ಕೂತು ಬೀಬಿ ಪ್ರಾರ್ಥನೆಯ ಕುರಿತು ಒಂದು ಭಾಷ್ಯ ಬರೆದರು. ಪ್ರತಿ ಅಧ್ಯಾಯದ ಕೊನೆಗೆ ತಮ್ಮದೇ ಒಂದು ಪದ್ಯ.

ಆಗ ಇದ್ದದ್ದು ಕಲ್ಲಚ್ಚು. ಲಿಪಿಕಾರ ಇಡೀ ಪುಸ್ತಕವನ್ನು ಅಂದವಾಗಿ ನಕಲು ಮಾಡಬೇಕು. ಅವನ ಅಕ್ಷರವೇ ಕಲ್ಲಿಗಿಳಿಯುತ್ತದೆ. ಆ ಕೆಲಸ ಗಂಡನ ಚಿಕ್ಕಪ್ಪನ ಮಗ ಮಿರ್ಜಾ ಲುತ್ಫುಲ್ಲಾನ ಪಾಲಿಗೆ ಬಂತು. ಬೀಬಿ ಮುನ್ನುಡಿಯಲ್ಲಿ ತಮ್ಮ ಹೆಸರು ಬರೆದಿದ್ದರು. ಮನೆಯ ಹೆಂಗಸಿನ ಹೆಸರು ಬಜಾರಿನ ಗಂಡಸರ ಬಾಯಿಗೆ ಬೀಳಬಾರದೆಂದು ಮಿರ್ಜಾ ಅದನ್ನು ಬಿಟ್ಟು ‘ಈ ಅಲ್ಪಜೀವ’ ಎಂದು ಬರೆದ. ಕೊನೆಯ ಪುಟದಲ್ಲಿ ಲಿಪಿಕಾರರ ವಾಡಿಕೆಯಂತೆ ತನ್ನ ಹೆಸರು ಹಾಕಿದ. ಓದಿದವರಿಗೆ ಪುಸ್ತಕದಲ್ಲಿ ಸಿಕ್ಕ ಹೆಸರು ಅದೊಂದೇ.

ಅಚ್ಚಾದ ಪ್ರತಿ ಬೀಬಿಯ ಕೈಗೆ ಬರುವಷ್ಟರಲ್ಲಿ ಕಲ್ಲನ್ನು ಉಜ್ಜಿ ಬೇರೆ ಪುಸ್ತಕಕ್ಕೆ ಬಳಸಿಯಾಗಿತ್ತು.

ಇಪ್ಪತ್ತೇಳು ವರ್ಷವಾದ ಮೇಲೆ, ಬೀಬಿ ಹಾಸಿಗೆ ಹಿಡಿದಿದ್ದಾಗ, ಮಿರ್ಜಾ ನೋಡಲು ಬಂದ. ಬೀಬಿಯ ಬಳಿ ಓದುತ್ತಿದ್ದ ನನ್ನ ಸೋದರತ್ತೆ ಅಲ್ಲೇ ಇದ್ದರು. ಅವನು ಅಂಗಳದ ಮೆಟ್ಟಿಲ ಮೇಲೆ ಕೂತ. ಬೀಬಿ ಪರದೆಯ ಒಳಗೆ.

“ಮದರಸಾದಲ್ಲಿ ಹುಡುಗರು ‘ಲುತ್ಫುಲ್ಲಾ ಹೀಗೆ ಹೇಳ್ತಾರೆ’ ಅಂತ ವಾದ ಮಾಡ್ತಾರೆ ಬೀಬಿ. ನಾಚಿಕೆ ಆಗುತ್ತೆ. ನಿಮ್ಮ ಹೆಸರು ಕಾಪಾಡೋಣ ಅಂತ ಹಾಗೆ ಮಾಡಿದ್ದೆ.”

“ಕಾಪಾಡಿದೆಯಪ್ಪಾ. ಎಷ್ಟು ಭದ್ರವಾಗಿ ಅಂದ್ರೆ, ಹುಡುಕಿದ್ರೆ ನನಗೇ ಸಿಗ್ತಿಲ್ಲ.”

“ಈಗ ಏನು ಮಾಡ್ಲಿ, ಹೇಳಿ.”

“ನಾನು ಸಾಯೋದರೊಳಗೆ ಒಂದೇ ಒಂದು ಪ್ರತೀಲಾದ್ರೂ ನನ್ನ ಹೆಸರು ಬರಿ. ಮದರಸಾದಲ್ಲಿರೋ ಪ್ರತೀಲಿ.”

ಮರುದಿನವೇ ಮಿರ್ಜಾ ಶಾಯಿ ಲೇಖನಿ ಹಿಡಿದು ಮದರಸಾಕ್ಕೆ ಹೋದ. ಪುಸ್ತಕ ಕಾಯುವ ಮುಲ್ಲಾ ಎದ್ದು ನಿಂತು ಅವನ ಕೈಗೆ ಮುತ್ತಿಟ್ಟರು. ಪುಸ್ತಕ ತನ್ನದಲ್ಲ, ಅಣ್ಣನ ಹೆಂಡತಿಯದು ಎಂದು ಮಿರ್ಜಾ ಹೇಳಿದ.

“ದೊಡ್ಡವರ ಲಕ್ಷಣವೇ ಇದು! ಇಷ್ಟು ದೊಡ್ಡ ಕೆಲಸ ಮಾಡಿ ಮನೆ ಹೆಂಗಸರ ಹೆಸರು ಹೇಳ್ತೀರಲ್ಲ ಆಗಾ ಸಾಹೇಬರೇ.”

“ಖುರಾನಿನ ಆಣೆ, ನಾನು ಬರೀ ನಕಲು ಮಾಡಿದವನು.”

“ನೋಡಿ, ಮತ್ತೆ ವಿನಯ!” ಮುಲ್ಲಾ ಪುಸ್ತಕ ಮುಟ್ಟಲು ಬಿಡಲಿಲ್ಲ. ಚಹಾ ತರಿಸಿದರು.

ನಡೆದದ್ದನ್ನು ಮಿರ್ಜಾ ಬಂದು ಹೇಳಿದಾಗ ಬೀಬಿ, “ಚಹಾ ಕುಡಿದೆಯಾ?” ಎಂದು ಕೇಳಿದರಂತೆ.

ಅವರು ತೀರಿಕೊಂಡದ್ದು ಅದೇ ವಾರ. ಮದರಸಾದ ಆ ಪ್ರತಿಯನ್ನು ಕಳೆದ ತಿಂಗಳು ನೋಡಿದೆ. ಲುತ್ಫುಲ್ಲಾನ ಹೆಸರಿನ ಕೆಳಗೆ ಮುಲ್ಲಾ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ದಾರೆ: ‘ಇವರ ವಿನಯ ಎಲ್ಲರಿಗೂ ಮಾದರಿ.’