ಬೀಗರ ಸೈಕಲ್ಲಿಗೆ ಸದ್ದಿದೆ ಎಂದು ಹೇಳುವುದು ಹೇಗೆ

ನಮ್ಮ ಬೀಗರ ಎಡಗಿವಿ ಬಲಗಿವಿಗಿಂತ ಕೊಂಚ ಮುಂದಕ್ಕೆ ಬಾಗಿತ್ತು. ಅದು ಹುಟ್ಟಿನಿಂದ ಬಂದದ್ದಲ್ಲ, ನೌಕರಿಯಿಂದ ಬಂದದ್ದು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದಷ್ಟು ಕಾಲವೂ, ಗಂಟಲೊಳಗೇ ಮಾತು ಮುಗಿಸುವ ಸಾಹೇಬರುಗಳ ಅಪ್ಪಣೆ ಹಿಡಿಯಲು ಅಂಗೈಯಿಂದ ಆ ಕಿವಿಯನ್ನು ಒತ್ತಿ ಒತ್ತಿ, ಕೊನೆಗೆ ಕಿವಿಯೇ ಆ ಭಂಗಿಯಲ್ಲಿ ಕಾಯಂ ಆಗಿ ನಿಂತುಬಿಟ್ಟಿತ್ತು. ಬಲಗಿವಿಗೆ ಅಷ್ಟು ಕೆಲಸವಿರಲಿಲ್ಲ. ಅದು ಬಹುಮಟ್ಟಿಗೆ ಕನ್ನಡಕದ ಕಡ್ಡಿಗೆ ಆಧಾರವಾಗಿತ್ತು.

ಅವರ ಮಗನಿಗೆ ನನ್ನ ಮಗಳನ್ನು ಕೊಟ್ಟಿದ್ದರಿಂದ ಅವರು ನನಗೆ ಬೀಗರು. ಅವರದು ಸುರಪುರ, ನಮ್ಮದು ಶಹಾಪುರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಹೆಣ್ಣು ಕೊಟ್ಟ ಬೀಗನ ಕರ್ತವ್ಯಗಳನ್ನು ಯಾವ ಸಂವಿಧಾನದಲ್ಲೂ ಬರೆದಿಲ್ಲ, ಆದರೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಬೀಗರ ಮನೆಯ ಸಾರಿಗೆ ಉಪ್ಪಿಲ್ಲದಿದ್ದರೆ ಉಪ್ಪು ಕೇಳಬಾರದು. ಉಪ್ಪು ಹೆಚ್ಚಾಗಿದ್ದರೆ ನೀರು ಕೇಳಬಾರದು. ಏನು ಬಡಿಸಿದರೂ "ಭಾಳ ಛಲೋ ಆಗ್ಯಾದ್ರಿ" ಎನ್ನಬೇಕು. ಗಂಡಿನ ಕಡೆಯವರಿಗೂ ಒಂದು ಕಟ್ಟಳೆ ಉಂಟು, ಹೆಣ್ಣಿನ ತಂದೆಯ ಮನಸ್ಸು ನೋಯಿಸಬಾರದೆಂದು. ಎಲ್ಲರೂ ಇದನ್ನು ಪಾಲಿಸುತ್ತಾರೆಂದು ನಾನು ಪ್ರಮಾಣ ಮಾಡಲಾರೆ. ನಮ್ಮ ಬೀಗರು ಪಾಲಿಸುತ್ತಿದ್ದರು. ಹೀಗಾಗಿ ನಮ್ಮಿಬ್ಬರ ನಡುವೆ ಮರ್ಯಾದೆ ಧಾರಾಳವಾಗಿತ್ತು, ಮಾತು ಇರಲಿಲ್ಲ.

ಸೈಕಲ್ಲುಗಳು ಬಂದದ್ದು ನನ್ನ ಅಳಿಯನಿಂದ. ಸುರಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಆತ, ಮದುವೆಯಾದ ಹೊಸದರಲ್ಲಿ ಮೈ ಇಳಿಸಬೇಕೆಂದು ಹೈದರಾಬಾದಿನಿಂದ ಎರಡು ರೇಸ್ ಸೈಕಲ್ ತಂದಿದ್ದ. ಒಂದು ತನಗೆ, ಒಂದು ಗೆಳೆಯನಿಗೆ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಬೆರಳಗಲದ ಟೈರು. ಗೆಳೆಯ ಬರಲಿಲ್ಲ, ಅಳಿಯನ ಮೈ ಇಳಿಯಲಿಲ್ಲ, ಸೈಕಲ್ಲುಗಳ ಮೇಲೆ ಟವೆಲ್ಲುಗಳು ಒಣಗತೊಡಗಿದವು. ನಿವೃತ್ತರಾದ ಬೀಗರು ಅವನ್ನು ಜಪ್ತಿಯಾದ ಮಾಲಿನಂತೆ ವಶಕ್ಕೆ ತೆಗೆದುಕೊಂಡರು. ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ವ್ಯಾಯಾಮ ಹೇಳಿದ್ದರು. ಎರಡನೆಯ ಸೈಕಲ್ಲು ನನ್ನ ಪಾಲಿಗೆ ಬಂತು.

ಭಾನುವಾರ ಬೆಳಿಗ್ಗೆ ನಾನು ಶಹಾಪುರದಿಂದ, ಅವರು ಸುರಪುರದಿಂದ ಹೊರಟು, ನಡುದಾರಿಯ ಒಂದು ಚಹಾ ಹೋಟೆಲಿನಲ್ಲಿ ಕೂಡುತ್ತಿದ್ದೆವು. ಅಲ್ಲಿಂದ ವನದುರ್ಗದ ಕಡೆಗೆ ಜೊತೆಯಾಗಿ ಸವಾರಿ. ಬೀಗರದು ಬಿಳಿ ಪೈಜಾಮ, ಬಲಗಾಲಿಗೆ ರಬ್ಬರ್ ಬ್ಯಾಂಡು, ತಲೆಯ ಮೇಲೆ ಬಿಳಿ ಟೋಪಿ, ಟೋಪಿಯ ಮೇಲೆ ಹೆಲ್ಮೆಟ್ಟು. ಟೋಪಿ ತೆಗೆದರೆ ಹಿರಿಯರಿಗೆ ಅವಮಾನ, ಹೆಲ್ಮೆಟ್ಟು ತೆಗೆದರೆ ಅದನ್ನು ಕೊಡಿಸಿದ ಮಗನಿಗೆ ಅವಮಾನ. ಅವರು ಯಾರನ್ನೂ ಅವಮಾನಿಸುವವರಲ್ಲ.

ಅವರಿಗೆ ಒಂದು ರೂಢಿಯಿತ್ತು. ಯಾವ ವಿಷಯ ಬಂದರೂ "ಮುಂದಿನ ತಾರೀಖಿಗಿ ನೋಡೋಣ್ರಿ" ಎನ್ನುವುದು. ಕೋರ್ಟಿನಿಂದ ಅವರು ಮನೆಗೆ ತಂದ ಪಿಂಚಣಿ ಅದೊಂದೇ ಅಲ್ಲವಾದರೂ, ದಿನನಿತ್ಯ ಖರ್ಚಾಗುತ್ತಿದ್ದುದು ಅದೇ. ಅಡುಗೆಮನೆಯ ಸೋರುವ ನಲ್ಲಿಯಿಂದ ಹಿಡಿದು ಮಾಳಿಗೆಯ ಬಿರುಕಿನವರೆಗೆ ಎಲ್ಲ ಪ್ರಕರಣಗಳೂ ಆ ಮನೆಯಲ್ಲಿ ವಿಚಾರಣೆಗೆ ಬಾಕಿ ಇದ್ದವು.

ಆ ಸಾಲಿಗೆ ನನ್ನ ಮಗಳ ನೌಕರಿಯೂ ಸೇರಿತು. ಓದಿ, ಪರೀಕ್ಷೆ ಬರೆದು, ಕಾದು ಕಾದು ಅವಳಿಗೆ ಹೈಸ್ಕೂಲ್ ಶಿಕ್ಷಕಿಯಾಗಿ ಆದೇಶ ಬಂದಿತ್ತು. ಬಂದದ್ದು ಶಹಾಪುರಕ್ಕೆ, ಅಂದರೆ ಸರಿಯಾಗಿ ನನ್ನ ಊರಿಗೆ. ಅಳಿಯ "ಅಪ್ಪ ಹೇಳಿದಂಗ" ಎಂದ. ಅಪ್ಪ "ಮುಂದಿನ ತಾರೀಖು" ಎಂದರು. ಹಾಜರಾಗಲು ಕೊಟ್ಟ ಗಡುವು ಹತ್ತಿರ ಬರುತ್ತಿತ್ತು. ಮಗಳು ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ. "ಊಟ ಆತೇನಪ್ಪಾ" ಎಂದಷ್ಟೇ ಅಂದು ಫೋನ್ ಇಡುತ್ತಿದ್ದಳು. ನಾನು ಬಾಯಿ ಬಿಟ್ಟರೆ, ಮಗಳನ್ನು ತವರಿಗೆ ಎಳೆದುಕೊಳ್ಳಲು ಹೊಂಚುತ್ತಿದ್ದಾನೆ ಎಂದಾಗುತ್ತದೆ. ಪ್ರತಿ ಭಾನುವಾರ ಇವತ್ತು ಕೇಳಿಯೇ ತೀರುತ್ತೇನೆಂದು ಹೊರಡುತ್ತಿದ್ದೆ. ಪ್ರತಿ ಭಾನುವಾರ ಕೇಳಿಸುತ್ತಿದ್ದುದು ಮಾತ್ರ ಬೇರೆ.

ಕಟಕ್.

ಬೀಗರು ಪೆಡಲ್ ತುಳಿದಾಗಲೆಲ್ಲ, ಬಲಗಾಲು ಮೇಲೇರಿ ಇಳಿಯುವ ಹೊತ್ತಿಗೆ ಒಂದು ಕಟಕ್. ಗಡಿಯಾರದ ಸದ್ದನ್ನು ಸಹಿಸಬಹುದು, ಅದು ಹೊತ್ತನ್ನಾದರೂ ತಿಳಿಸುತ್ತದೆ. ಇದು ಏನನ್ನೂ ತಿಳಿಸುತ್ತಿರಲಿಲ್ಲ. ಎರಡೂ ಕಡೆ ಹತ್ತಿ ಹೊಲ, ಎದುರಿಗೆ ಗುಡ್ಡ, ತಂಪು ಗಾಳಿ, ನಡುವೆ ಕಟಕ್. ಆದರೆ ಗಂಡಿನ ತಂದೆಗೆ "ನಿಮ್ಮ ಸೈಕಲ್ ಸಪ್ಪಳ ಮಾಡುತ್ತದೆ" ಎನ್ನುವುದು ಹೇಗೆ? ಸಾರಿನ ಉಪ್ಪನ್ನೇ ಎತ್ತಿ ಆಡದವನು ಸೈಕಲ್ಲಿನ ಬೇರಿಂಗನ್ನು ಎತ್ತಿ ಆಡುವುದುಂಟೆ?

ಆದ್ದರಿಂದ ಗುಪ್ತವಾಗಿ ಕಾರ್ಯಪ್ರವೃತ್ತನಾದೆ. ಅವರು ಬೇವಿನ ಮರದ ಮರೆಗೆ ಹೋದಾಗ ಅವರ ಚೈನಿಗೆ ಎಣ್ಣೆ ಬಿಟ್ಟೆ. ಇನ್ನೊಂದು ವಾರ ಸೀಟಿನ ಕೆಳಗಿನ ಬೋಲ್ಟು ಬಿಗಿ ಮಾಡಿದೆ. ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿ ಮತ್ತೆ ಹಾಕಿದೆ. ಸೈಕಲ್ಲು ಹೊಸದಾಗಿ ಕೊಂಡಾಗಲೂ ಅಷ್ಟು ನುಣುಪಾಗಿ ಓಡಿರಲಿಕ್ಕಿಲ್ಲ. ಸದ್ದು ಮಾತ್ರ ಇದ್ದಲ್ಲೇ ಇತ್ತು. ವಿಚಿತ್ರವೆಂದರೆ, ನಾನು ಕೈ ಹಚ್ಚದಿದ್ದರೂ ನನ್ನ ಸೈಕಲ್ಲು ಕೂಡ ವಾರದಿಂದ ವಾರಕ್ಕೆ ಸುಧಾರಿಸುತ್ತಿತ್ತು. ಇದಕ್ಕೆ ನಾನು ನನ್ನ ಕಾಲಿನ ಬಲವೇ ಕಾರಣವೆಂದು ತಿಳಿದಿದ್ದೆ.

ನಮ್ಮ ಮಾನ ತೆಗೆದವಳು ಚಹಾ ಹೋಟೆಲಿನ ಅಕ್ಕ. ಗಡುವಿಗೆ ಮುಂಚಿನ ಕೊನೆಯ ಭಾನುವಾರ, ಇಬ್ಬರ ಮುಂದೆಯೂ ಚಹಾ ಇಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು:

"ಏನ್ರಿ ಮಾಸ್ತರ್ರ, ನೀವು ಮಾರಿ ತೊಳಿಯಾಕ ಹೋದ್ರ ಇವರು ನಿಮ್ಮ ಸೈಕಲ್ ಬಿಚ್ಚತಾರ. ಇವರು ಗಿಡದ ಕಡಿ ಹೋದ್ರ ನೀವು ಇವರದ್ದು ಬಿಚ್ಚತೀರಿ. ಏನರ ಜಗಳ ಅದ ಏನ್ರಿ ನಿಮ್ಮ ನಡುವ?"

ಬೀಗರೇ ಮೊದಲು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ತಪ್ಪ ತಿಳೀಬ್ಯಾಡ್ರಿ ಬೀಗ್ರೆ. ನಿಮ್ಮ ಸೈಕಲ್ಲಿಗಿ ಒಂದ ನಮೂನಿ ಅವಾಜ ಬರ್ತದ. ಹೆಂಗ ಹೇಳಬೇಕಂತ ತಿಳೀಲಿಲ್ಲ."

"ನಂದಲ್ರಿ, ನಿಮ್ದು," ಅಂದೆ. ಮಾತು ಬಾಯಿಂದ ಬಿದ್ದ ಮೇಲೆ ನನಗೇ ಹೆದರಿಕೆಯಾಯಿತು.

"ನಂದಾ? ನನಗ ನಿಮ್ಮ ಕಡಿಂದ ಕೇಳಸ್ತದಲ್ರಿ!"

ಕೇಳಿಸದೆ ಏನು? ನಾನು ಯಾವಾಗಲೂ ಅವರ ಎಡಕ್ಕೆ ಇರುತ್ತಿದ್ದೆ. ಕೆಲಸ ಮಾಡುತ್ತಿದ್ದ ಕಿವಿ ಎಡಗಡೆಯದು. ಲೋಕದ ಸಮಸ್ತ ಸದ್ದುಗಳೂ ಅವರಿಗೆ ನನ್ನ ಕಡೆಯಿಂದಲೇ ಬರುತ್ತಿದ್ದವು.

"ಬರ್ರಿ," ಎಂದು ಎದ್ದರು. "ವಿಚಾರಣಿ ಆಗಿಬಿಡಲಿ."

ವನದುರ್ಗದ ದಾರಿಯಲ್ಲಿ ವಿಚಾರಣೆ ವಿಧಿವತ್ತಾಗಿ ನಡೆಯಿತು. ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಓಡಲು ಬಿಟ್ಟೆವು. ಸದ್ದಿಲ್ಲ. "ಗಾಲಿ ಖುಲಾಸೆ!" ಎಂದು ಬೀಗರು ಕೂಗಿದರು. ಸೀಟಿನಿಂದ ಎದ್ದು ನಿಂತು ತುಳಿದೆವು. ಸದ್ದು ಇದೆ. ಸೀಟು ಖುಲಾಸೆ. ಗೇರು ಬದಲಿಸಿದರೂ ಸದ್ದು ಬದಲಾಗಲಿಲ್ಲ, ಚೈನು ಖುಲಾಸೆ. ಬರೀ ಎಡಗಾಲಲ್ಲಿ ತುಳಿದರೆ ಮೌನ, ಬಲಗಾಲಲ್ಲಿ ತುಳಿದರೆ ಕಟಕ್. ಬಲಗಡೆಯ ಪೆಡಲ್ಲಿಗೆ ಶಿಕ್ಷೆ ಖಾಯಂ ಎನ್ನುವಷ್ಟರಲ್ಲಿ ಅವರಿಗೆ ಇನ್ನೊಂದು ಹೊಳೆಯಿತು. ಸೈಕಲ್ಲುಗಳನ್ನು ಅದಲುಬದಲು ಮಾಡೋಣ ಎಂದರು. ಮಾಡಿದೆವು. ನನ್ನ ಸೈಕಲ್ಲಿನ ಮೇಲೆ ಅವರು, ಅವರದರ ಮೇಲೆ ನಾನು. ಸದ್ದು ಬೀಗರ ಬೆನ್ನು ಬಿಡಲಿಲ್ಲ.

ಎರಡೂ ಸೈಕಲ್ಲುಗಳು ನಿರ್ದೋಷಿಗಳಾಗಿ ಬಿಡುಗಡೆಯಾದವು. ಉಳಿದವರು ನಾವು.

"ಮೊಣಕಾಲು ಇರಬೇಕ್ರಿ," ಅಂದೆ.

"ಮೊಣಕಾಲಾಗಿದ್ರ ನೋಯ್ತಿತ್ತು," ಎಂದು ಅವರು ಮೈಲಿಗಲ್ಲು ಹಿಡಿದು ಕುಕ್ಕರಿಸಿ ಎದ್ದರು. ಕಟಕ್. ನಾನು ಅವರ ಪೈಜಾಮದ ಬಲಜೇಬನ್ನೇ ನೋಡಿದೆ.

"ಜೇಬಿನ್ಯಾಗ ಏನದರಿ ಬೀಗ್ರೆ?"

ಅವರು ಜೇಬಿನ ಮೇಲೆ ಕೈ ಇಟ್ಟುಕೊಂಡರು. "ಅದು ಬ್ಯಾರೆ ವಿಷಯ."

"ಅವಾಜ ಅಲ್ಲಿಂದನ ಬರ್ತದ್ರಿ."

"ಬಂದ್ರೂ ಅದು ಬ್ಯಾರೆ ವಿಷಯ."

ನಾನು ಜಗ್ಗಲಿಲ್ಲ. ಕೊನೆಗೆ ಅವರು ಒಂದು ಸಣ್ಣ ಸ್ಟೀಲ್ ಡಬ್ಬಿ ಹೊರಗೆ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಖ ನೋಡದೆ ಮುಂದೆ ಹಿಡಿದರು. ಒಳಗೆ ಕಲ್ಲುಸಕ್ಕರೆಯ ಹರಳುಗಳಿದ್ದವು.

"ನಿಮಗ. ಸೊಸಿ ಕೊಟ್ಟಾಳ. ಅಪ್ಪಗ ಗುಳಿಗಿ ತಿಂದು ಸಕ್ರಿ ಇಳದು ತಲಿ ತಿರಗ್ತದ, ಹಾದ್ಯಾಗ ಹಂಗಾದ್ರ ಬಾಯಾಗ ಹಾಕ್ರಿ ಮಾವಾರ ಅಂದಾಳ. ಪ್ರತಿ ಆಯಿತವಾರ ತುಂಬಿ ಕೊಡ್ತಾಳ. ಬೀಗರಿಗಿ ಹೆಂಗ ಹೇಳ್ಲಿ? ನೀವು ರೋಗಿ ಅದೀರಿ ಅಂದಂಗ ಆಗ್ತದಲ್ಲ."

ನಾನು ಒಂದು ಹರಳು ತೆಗೆದು ಬಾಯಿಗೆ ಹಾಕಿಕೊಂಡೆ. ತಲೆ ತಿರುಗುತ್ತಿರಲಿಲ್ಲ, ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಬಾಯಲ್ಲಿ ಅದನ್ನಿಟ್ಟುಕೊಂಡೇ ಕೇಳಿದೆ:

"ಆಕಿ ನೌಕರಿದು ಏನ್ಮಾಡ್ತೀರಿ?"

ಮಾತು ಸ್ಪಷ್ಟವಾಗಿರಲಿಲ್ಲ. ಎಡಗಿವಿ ಹಿಡಿಯಿತು.

"ಮುಂದಿನ ತಾರೀಖಿಗಿ..."

"ಮುಂದ ತಾರೀಖಿಲ್ರಿ. ಗುರುವಾರ ಹಾಜರ್ ಆಗಲಿಲ್ಲ ಅಂದ್ರ ಮುಗೀತು."

ಅವರು ಹೆಲ್ಮೆಟ್ಟು ತೆಗೆದರು. ಟೋಪಿಯನ್ನೂ ತೆಗೆದು ತಲೆ ಒರೆಸಿಕೊಂಡರು. ಆಮೇಲೆ ಒಮ್ಮೆಲೇ ಬೀಗರ ಮರ್ಯಾದೆ ಬದಿಗಿಟ್ಟು ನೇರವಾಗಿ ಮಾತಾಡಿದರು.

"ಸಾಲಿ ಎಲ್ಲಿ ಬಂದದ? ನಿಮ್ಮೂರಾಗ. ಇವತ್ತ ನೌಕರಿ ಅಂತಾಳ, ನಾಳಿ ಬಸ್ ಸಿಗಲಿಲ್ಲ ಅಂತಾಳ, ನಾಡದ ಅಲ್ಲೇ ಇರ್ತಾಳ. ಸೊಸಿ ತವರಮನಿ ಸೇರಿದಳು ಅಂತ ಮಂದಿ ಅಂತಾರ. ನಮ್ಮ ಮನಿಯಾಕಿಗಿ ಇದೇ ಅಂಜಿಕಿ ಅದ."

"ನಿಮಗ?"

"ನನಗೂ ಅದ."

"ಹಂಗಾದ್ರ ಆಕಿ ನಮ್ಮ ಮನಿ ಹೊಸ್ತಿಲಾ ತುಳಿಯೋದು ಬ್ಯಾಡ. ಸಾಲಿ ಬಿಟ್ಟ ಕೂಡ್ಲೆ ಸುರಪುರದ ಬಸ್ ಹತ್ತಲಿ. ಒಂದ ಊರಾಗ ಇದ್ದೂ ನಾ ಆಕಿನ್ನ ಕರಿಯಂಗಿಲ್ಲ. ನೌಕರಿ ಒಂದ ಕೈ ಬಿಡೋದು ಬ್ಯಾಡ್ರಿ."

ಅವರು ಟೋಪಿ ಮತ್ತೆ ತಲೆಗಿಟ್ಟುಕೊಂಡು, ಅದರ ಮೇಲೆ ಹೆಲ್ಮೆಟ್ಟು ಏರಿಸಿದರು.

"ಅಷ್ಟೆಲ್ಲಾ ಬ್ಯಾಡ್ರಿ," ಎಂದರು. "ಮಧ್ಯಾನ ಊಟಕ್ಕ ನಿಮ್ಮ ಮನಿಗೇ ಹೋಗ್ಲಿ. ಊರಾಗ ತಾಯಿ ಇದ್ದೂ ಡಬ್ಬಿ ಊಟ ಯಾಕ ಉಣಬೇಕು ಹುಡುಗಿ?"

ಮುಂದಿನದನ್ನು ಮಗಳಿಂದ ಕೇಳಿದ್ದೇನೆ. ಬೀಗರು ಮನೆಗೆ ಹೋದವರೇ, ಹೆಲ್ಮೆಟ್ಟು ಸಮೇತ ಪಡಸಾಲೆಯಲ್ಲಿ ನಿಂತು, "ಸೊಸಿ ಗುರುವಾರ ಹಾಜರ್ ಆಗ್ತಾಳ" ಎಂದರಂತೆ.

"ನನ್ನ ಕೇಳೀರೇನು?" ಎಂದರಂತೆ ಬೀಗತಿ.

"ಈಗ ಕೇಳಾಕತ್ತೇನಿ."

"ಬ್ಯಾಡ ಅಂದ್ರ?"

"ಮತ್ತ ಕೇಳ್ತೀನಿ."

ಹೇಳಿದಂತೆ ಕೇಳಿದರು. ಊಟಕ್ಕೆ ಕೂತಾಗ ಕೇಳಿದರು, ಎದ್ದಾಗ ಕೇಳಿದರು. ಇಡೀ ಜೀವಮಾನ ಮುಂದೂಡುವುದರಲ್ಲೇ ಕಳೆದ ಮನುಷ್ಯ ಬುಧವಾರದವರೆಗೆ ಒಂದೇ ಪ್ರಕರಣವನ್ನು ಎಡೆಬಿಡದೆ ನಡೆಸಿದರು. ಕೊನೆಗೆ ಬೀಗತಿ, "ಹೋಗ್ಲಿ ತಗೋರಿ, ನಿಮ್ಮ ಕಾಟರ ತಪ್ಪಲಿ" ಎಂದು ಸೊಸೆಯ ಸೀರೆಯನ್ನು ಇಸ್ತ್ರಿಗೆ ಕೊಟ್ಟರು. ಗುರುವಾರ ಬೀಗರೂ ಅದೇ ಬಸ್ಸಿನಲ್ಲಿ ಶಹಾಪುರಕ್ಕೆ ಬಂದು, ಅವಳು ಸಹಿ ಮಾಡಿ ಹೊರಗೆ ಬರುವವರೆಗೆ ಶಾಲೆಯ ಕಟ್ಟೆಯ ಮೇಲೆ ಕೂತಿದ್ದರು.

ಆಮೇಲೆ ಕಲ್ಲುಸಕ್ಕರೆಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕತೊಡಗಿದರು, ಸದ್ದು ನಿಂತಿತು. ಮಾತು ಶುರುವಾಯಿತು. ನನ್ನ ಮಗಳ ಉಪ್ಪಿಟ್ಟು ಅಂಟಂಟಾಗುತ್ತದೆ ಎಂದು ಅವರು ಹೇಳಿದರು. ಅವರ ಮಗನ ಅಂಗಡಿಯ ಲೆಕ್ಕ ಯಾರಿಗೂ ಅರ್ಥವಾಗುವುದಿಲ್ಲ ಎಂದು ನಾನು ಹೇಳಿದೆ. ಇಬ್ಬರೂ ಖರೆ ಹೇಳಿದ್ದೆವು. ಸಂಬಂಧಕ್ಕೆ ಏನೂ ಆಗಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ದಿನ, ಮಧ್ಯಾಹ್ನ ಉಂಡು ಮಲಗಿದ ಬೀಗರು ಏಳಲಿಲ್ಲ. ನಾನು ಶಾಲೆಗೆ ಹೋಗಿ ಪಾಠದ ನಡುವೆ ಮಗಳನ್ನು ಹೊರಗೆ ಕರೆದೆ. ಅವಳು ನನ್ನ ಮುಖ ನೋಡಿದಳು, ಸೀಮೆಸುಣ್ಣ ಕೆಳಗಿಟ್ಟಳು. ನನಗೆ ಆ ದಿನ ಹೋದದ್ದು ಬೀಗರು ಮಾತ್ರವಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಗೆಳೆಯರು ಆಗುವುದಿಲ್ಲ. ನನಗೆ ಒಬ್ಬರು ಆಗಿದ್ದರು.

ಕರ್ಮಗಳೆಲ್ಲ ಮುಗಿದ ಮರುದಿನ ಬೆಳಿಗ್ಗೆ ನಾನು ಶಹಾಪುರಕ್ಕೆ ಹೊರಟು ನಿಂತಿದ್ದೆ. ಮಗಳು ಇನ್ನಷ್ಟು ದಿನ ರಜೆ ಹಾಕುತ್ತೇನೆಂದು ಒಳಗೆ ಹೇಳುತ್ತಿರುವುದು ಕೇಳಿಸಿತು. ಬೀಗತಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದರು.

"ಬೀಗ್ರೆ, ಸಾಲ್ಯಾಗ ಪರೀಕ್ಷಾ ನಡದಾವಂತ. ಈಕಿ ಇಲ್ಲಿ ಕುಂತು ನನ್ನ ಮಾರಿ ನೋಡೋದು ಬ್ಯಾಡ. ಕರಕೊಂಡು ಹೋಗ್ರಿ."

"ಅತ್ತಿ, ನೀವೊಬ್ಬರ..." ಎಂದಳು ಮಗಳು.

"ಸಂಜಿಗಿ ಬರ್ತೀ ಅಲ್ಲ?"

"ಬರ್ತೀನ್ರಿ."

"ಮತ್ತ?"

ಮಧ್ಯಾಹ್ನ ನಮ್ಮ ಮನೆಯಲ್ಲಿ ಉಂಡಳು. ಶಾಲೆ ಬಿಟ್ಟ ಮೇಲೆ ನಾನೇ ಸುರಪುರದ ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು.