ಸಿಮೆಂಟ್ ಬೆರೆಸಿದ ಎತ್ತುಗಳು

ಮೊಮ್ಮಗಳೇ, ಮೊಮ್ಮಗನೇ, ನಿಮ್ಮ ಮಮ್ಮಿಯ ಅಂಗೈ ಮೇಲಿನ ಬಿಳಿ ಕಲೆ ಏನೆಂದು ನೀವು ಕೇಳಿದಾಗೆಲ್ಲ ಅವಳು ಮಾತು ತಿರುಗಿಸುತ್ತಾಳೆ. ನನಗೂ ಎದುರು ಕೂತು ಹೇಳಲು ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಮಲಾಡಿನಲ್ಲಿ, ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನ ಪಕ್ಕ ತಗಡಿನ ಶೆಡ್ಡಿನಲ್ಲಿದ್ದೆವು. ನಿಮ್ಮ ಅಜ್ಜ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದರು, ನಾನು ಇಟ್ಟಿಗೆ ಹೊರುತ್ತಿದ್ದೆ. ನಿಮ್ಮ ಮಮ್ಮಿಗೆ ಏಳು ವರ್ಷ. ಶೆಡ್ಡುಗಳಲ್ಲಿದ್ದವರೆಲ್ಲ ನಮ್ಮ ವಿಜಯಪುರದ ಕಡೆಯವರೇ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಊರಲ್ಲಿ ಕುಂಬಾರರು ಮನೆಮನೆಗೆ ಪೂಜೆಗೆ ಮಣ್ಣಿನ ಜೋಡೆತ್ತು ಮಾಡಿಕೊಡುತ್ತಾರೆ. ಇಲ್ಲಿ ಯಾರು ಕೊಡಬೇಕು? ನಿಮ್ಮ ಮಮ್ಮಿ ಪಾಯದ ಗುಂಡಿಯಿಂದ ಕರಿಮಣ್ಣು ತಂದು ಕಲಸುತ್ತ ಕೂತಳು.

ಪಕ್ಕದ ಶೆಡ್ಡಿನ ಮುದುಕಿ ಚೇಷ್ಟೆಗೆ, "ನಮ್ಮ ಮನಿ ಎತ್ತ ಮಾಡ ನೋಡೂಣು. ಒಂದು ಕೊಂಬು ಜೋತ ಬಿದ್ದಿತ್ತು, ಕುತ್ತಿಗಿ ಎಡಕ್ಕ ವಾಲಸಿ ನಡೀತಿತ್ತು," ಎಂದಳು. ಮಗು ಕೇಳಿಸಿಕೊಂಡು ಮಾಡಿತು. ಮುದುಕಿ ಅದನ್ನು ಕೈಗೆ ತೆಗೆದುಕೊಂಡವಳೇ ಅತ್ತುಬಿಟ್ಟಳು. "ಯವ್ವಾ, ಇದು ನಮ್ದ ಐತಿ! ಎಲ್ಲಿ ನೋಡಿದ್ಯವಾ ಇದನ್ನ?"

ನಿಮ್ಮ ಮಮ್ಮಿ ಆ ಎತ್ತನ್ನು ನೋಡಿರಲೇ ಇಲ್ಲ. ಗಂಡಸರ ಎದುರು ಸೆರಗು ಸರಿಸದ ನಾನು ಅವತ್ತು ಮಾಳಿಗೆಯ ಮೇಲೆ ಕೆಲಸ ಮಾಡುತ್ತಿದ್ದವರನ್ನೆಲ್ಲ ಕೂಗಿ ಕರೆದೆ. "ಇಳದ ಬರ್ರಿ, ನನ್ನ ಮಗಳು ಮಾಡ್ಯಾಳ ನೋಡ್ರಿ!" ಎಲ್ಲರೂ ತಮ್ಮ ತಮ್ಮ ಎತ್ತಿನ ಗುರುತು ಹೇಳತೊಡಗಿದರು.

ಎತ್ತುಗಳೇನೋ ಆದವು, ಆದರೆ ಮಳೆಗೆ ಶೆಡ್ಡು ಸೋರಿ ಎಲ್ಲ ಕೆಸರಾದವು. ಅಪ್ಪ ಸಿಮೆಂಟ್ ಕಲಸುವುದನ್ನು ದಿನಾ ನೋಡಿದ್ದಳಲ್ಲ, ಖಾಲಿ ಚೀಲಗಳನ್ನು ಜಾಡಿಸಿ ಪುಡಿ ಕೂಡಿಸಿ, ಮಣ್ಣಿಗೆ ಬೆರೆಸಿ, ಮತ್ತೆ ಎಲ್ಲವನ್ನೂ ಮಾಡಿದಳು. ಅಮಾವಾಸ್ಯೆಯ ಬೆಳಿಗ್ಗೆ ನೋಡುತ್ತೇನೆ, ಸಿಮೆಂಟ್ ಅಂಗೈಯ ಚರ್ಮವನ್ನೇ ತಿಂದುಹಾಕಿದೆ. ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ, ಅಷ್ಟರಲ್ಲಿ ಕೂಲಿಯವರ ಮೇಲಿನ ಮುಕಾದಮ ಬಂದ.

"ಸಿಮೆಂಟ್ ಚೋರ್!" ಎಂದವನೇ ಅವಳ ಜಡೆ ಹಿಡಿದು ಎಳೆದ.

"ಖಾಲಿ ಚೀಲ ಜಾಡ್ಸೀನ್ರಿ, ಕದ್ದಿಲ್ರಿ!" ಎಂದು ಮಗು ಚೀರಿತು. ಅವನಿಗೆ ನಮ್ಮ ಭಾಷೆ ತಿಳಿಯದು. ಬೂಟುಗಾಲಿನಿಂದ ಎತ್ತುಗಳನ್ನು ಒದ್ದ. ಅವು ಒಡೆಯಲಿಲ್ಲ. ಅದಕ್ಕೇ ಇನ್ನೂ ಕೆರಳಿ, ಇಟ್ಟಿಗೆ ಎತ್ತಿಕೊಂಡು ಒಂದೊಂದನ್ನೇ ಜಜ್ಜಿದ. ಕೊನೆಯ ಜೋಡಿಯ ಮೇಲೆ ಅವಳು ಕೈ ಚಾಚಿದಳು. ಇಟ್ಟಿಗೆ ಬೆರಳುಗಳ ಮೇಲೆ ಬಿತ್ತು.

ಓಡಿ ಬಂದ ನಿಮ್ಮ ಅಜ್ಜ ಮುಕಾದಮನಿಗೆ ಕೈ ಮುಗಿದರು. ಕೆಲಸ ಹೋದೀತೆಂಬ ಹೆದರಿಕೆಗೆ, "ಮೈ ಸಮ್ಝಾತಾ ಹೂಂ ಸೇಠ್," ಎಂದು ತಾವೇ ಬುದ್ಧಿ ಕಲಿಸುವುದಾಗಿ ಹೇಳುತ್ತ ಬಿದಿರಿನ ತುಂಡಿನಿಂದ ಆ ಸುಟ್ಟ ಕೈಗಳ ಮೇಲೇ ಎರಡು ಬಾರಿಸಿದರು. ರಕ್ತ ಚಿಮ್ಮಿತು.

ನನ್ನ ಕೈಗೆ ಸಲಿಕೆ ಯಾವಾಗ ಬಂತೋ ತಿಳಿಯದು. ಮೊದಲ ಏಟು ಮುಕಾದಮನ ಹೆಗಲಿಗೆ, ಎರಡನೆಯದು ತಲೆಗೆ ಬಿತ್ತು. ಅವನು ಪಕ್ಕದಲ್ಲಿ ಕಲಸಿಟ್ಟಿದ್ದ ಗಾರೆಯೊಳಗೆ ಅಂಗಾತ ಬಿದ್ದ. ನಾನು ನಿಮ್ಮ ಅಜ್ಜನ ಕಡೆ ತಿರುಗಿದೆ. "ಕೂಸಿನ್ನ ಬಡದ್ಯಲಾ, ಈಗ ನನ್ನ ಬಡಿ. ಬಡಿ ನೋಡೂಣು!" ಅವರ ಕೈಯಿಂದ ಬಿದಿರು ಜಾರಿತು.

ಮಧ್ಯಾಹ್ನಕ್ಕೆ ಮುಕಾದಮ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದು ನಮ್ಮನ್ನು ಹೊರಹಾಕಿಸಿದ. ವಡಾಲದ ಚಾಳಿನಲ್ಲಿ ನನ್ನ ಅಣ್ಣನ ಒಂದೇ ಕೋಣೆಯ ಖೋಲಿಗೆ ಹೋದೆವು. ಬಿಳಿ ಕಲೆ ಉಳಿದು ಕೈ ಮಾಯಿತು, ಆದರೆ ಹುಡುಗಿ ಮಣ್ಣು ಮುಟ್ಟಲಿಲ್ಲ. ನಾನು ತಂದುಕೊಟ್ಟ ಮಣ್ಣನ್ನು ಗೋಡೆಗೆ ಎಸೆದಳು. ಮುಷ್ಟಿ ಬಿಗಿದುಕೊಂಡೇ ಮಲಗುವಳು. ಆ ಗುಣ ಅವಳ ಕೈಯಲ್ಲೇ ಸತ್ತುಹೋಯಿತೆಂದು ನಾನು ಒಳಗೊಳಗೇ ಅಳುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಅವಳು ಸುಮ್ಮನೆ ಬಂದು ಒಂದು ಉಂಡೆ ಮುರಿದುಕೊಂಡಳು. ಮೊದಲು ಅಂಗಾತ ಬಿದ್ದ ಡೊಳ್ಳುಹೊಟ್ಟೆಯ ಮುಕಾದಮನಾದ. ಆಮೇಲೆ ಸಲಿಕೆ ಎತ್ತಿದ ಹೆಂಗಸು, ನನ್ನ ಉಬ್ಬುಹಲ್ಲು ಸಮೇತ! ಮೂರನೆಯವನು ಸುಮ್ಮನೆ ನಿಂತಿದ್ದ.

ಕೆಲಸದಿಂದ ಬಂದ ನಿಮ್ಮ ಅಜ್ಜ ಎದುರಿಗೆ ಕೂತರು. "ಇಂವ ಯಾರವಾ?"

"ನೀ."

"ಕೈ ಎಲ್ಲಿ ಅದಾವ?"

"ಮುರದು ತಿಂದೀನಿ."

ಅವರು ಎದ್ದು ಹೊಡೆದೇಬಿಡುತ್ತಾರೆಂದು ನಾನು ಲಟ್ಟಣಿಗೆ ಹಿಡಿದೆ. ಆದರೆ ಅವರು ನಾನು ನಾದುತ್ತಿದ್ದ ಪರಾತದಿಂದ ಹಿಟ್ಟು ಚಿವುಟಿ ಎರಡು ಸಣ್ಣ ತೋಳು ಹೊಸೆದು ಅವಳ ಮುಂದೆ ಹಿಡಿದರು. "ಹಚ್ಚವಾ."

"ಆಮ್ಯಾಲೆ ನೋಡೂಣು," ಎಂದು ಅವಳು ಬಿದ್ದವನಿಗೆ ಮೀಸೆ ತೀಡಲು ಕೂತಳು.

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಚಾಳಿನವರನ್ನೆಲ್ಲ ಕರೆದುಕೊಂಡು ಬಂದೆ. ತೋಳಿಲ್ಲದವನನ್ನು ನೋಡಿ ಅವರೆಲ್ಲ ನಗುತ್ತಿದ್ದರೆ ನಿಮ್ಮ ಅಜ್ಜ ಅಲ್ಲೇ ಕೂತಿದ್ದರು, ಅಂಗೈಯಲ್ಲಿ ಆ ಎರಡು ತೋಳು ಒಣಗುತ್ತಿದ್ದವು. ಅವಳು ಕೊನೆಗೂ ಹಚ್ಚಲಿಲ್ಲ.

ನಿಮ್ಮ ಕನ್ನಡ ಇನ್ನೂ ತಡವರಿಸುತ್ತದೆ. ಓದಲು ಬರುವವರೆಗೂ ಈ ಹಾಳೆಗಳನ್ನು ರದ್ದಿಗೆ ಹಾಕದೆ ನಿಮ್ಮ ಪುಸ್ತಕಗಳ ನಡುವೆ ಇಟ್ಟುಕೊಂಡಿರಿ, ಕೂಸುಗಳೇ.